ವೈಮಾನಿಕ ಶಾಲೆಗಳೂ ವಿದ್ಯಾರ್ಥಿಗಳ ಅಹವಾಲೂ

ನಮ್ಮ ತರುಣರಲ್ಲಿ ವಿಮಾನಚಾಲಕರಾಗಬೇಕೆಂಬ ಹಂಬಲವು ದಿನೇ ದಿನೇ ಬೆಳೆಯುತ್ತಿರುವುದನ್ನು ಕಂಡು ಸಂತೋಷಪಡದವರಾರು? ೧೯೨೯ನೆಯ ಇಸವಿ ಫೆಬ್ರುವರಿ ೧೦ರಂದು ಜೆ. ಆರ್. ಡಿ. ಟಾಟಾ ಅವರು ಭಾರತದಲ್ಲಿ ಮೊತ್ತಮೊದಲಿನ ಪೈಲಟ್ ಲೈಸೆನ್ಸನ್ನು ಪಡೆದರು. ೧೯೩೨ರ ಅಕ್ಟೋಬರಿನಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲಿನ ಚೀಲಗಳನ್ನು ತಾವೇ ವಿಮಾನ ನಡೆಯಿಸಿ ತಂದರು. ೧೯೪೦ರಲ್ಲಿ ವಾಲಚಂದ ಹೀರಾಚಂದರ ಸಾಹಸವೂ ಮೈಸೂರು ಸರಕಾರದ ನೆರವೂ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯು ಹುಟ್ಟಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಜಕ್ಕೂರಿನ ಬಯಲಿನಲ್ಲಿ ಸರಕಾರಿ ಹಾರಾಟದ ಶಾಲೆಯು ತಲೆಯೆತ್ತಿತು. ಅಂದು ಶ್ರೀಮಂತರ ವಿನೋದವೆನಿಸಿದ್ದ ವಿದ್ಯೆಯು ಇಂದು ನಡುಮಟ್ಟದ ಮನೆಗಳ ಮಕ್ಕಳಿಗೂ ಉದ್ಯೋಗದ ದಾರಿಯಾಗಿರುವುದು. ೨೦೨೩ನೆಯ ಒಂದೇ ವರ್ಷದಲ್ಲಿ ಏರ್ ಇಂಡಿಯಾದವರು ೪೭೦ ವಿಮಾನಗಳಿಗೂ ಇಂಡಿಗೋದವರು ೫೦೦ ವಿಮಾನಗಳಿಗೂ ಬೇಡಿಕೆ ಸಲ್ಲಿಸಿದರು. ೨೦೨೨ರಲ್ಲಿ ೧,೧೬೫ ಮಂದಿಗೆ ದೊರೆತಿದ್ದ ವಾಣಿಜ್ಯ ಪೈಲಟ್ ಲೈಸೆನ್ಸು ಮರುವರ್ಷ ೧,೬೨೨ ಮಂದಿಗೆ ದೊರೆಯಿತು. ಇವೆಲ್ಲವೂ ಹೆಮ್ಮೆಯ ಸಂಗತಿಗಳೇ ಸರಿ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿರುವುದು. ಕಳೆದ ತಿಂಗಳು ನಮಗೆ ಪರಿಚಿತರಾದ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಧಾರವಾಡದಿಂದ ನಮ್ಮ ಕಚೇರಿಗೆ ಬಂದು, ದಾರದಿಂದ ಬಿಗಿದ ಕಾಗದಗಳ ಕಟ್ಟೊಂದನ್ನು ನಮ್ಮ ಮೇಜಿನ ಮೇಲಿಟ್ಟರು. ಅವರ ಮಗನು ಪರರಾಜ್ಯದ ಒಂದು ಖಾಸಗಿ ವೈಮಾನಿಕ ಶಾಲೆಯ ವಿದ್ಯಾರ್ಥಿ. ಒಪ್ಪಂದದಂತೆ ಒಟ್ಟು ಶುಲ್ಕವು ೪೫ ಲಕ್ಷ ರೂಪಾಯಿ. ಅದರಲ್ಲಿ ೩೮ ಲಕ್ಷವನ್ನು ಅವರು ಆಗಲೇ ತುಂಬಿರುವರು. ನಿವೃತ್ತಿಯ ಹಣ, ಊರ ಹೊಲದ ಮೇಲೆ ಎತ್ತಿದ ಸಾಲ, ಬ್ಯಾಂಕಿನ ವಿದ್ಯಾರ್ಥಿ ಸಾಲ, ಈ ಮೂರೂ ಕೂಡಿ ಆ ಮೊತ್ತವಾಯಿತು. ಹದಿನೆಂಟು ತಿಂಗಳಲ್ಲಿ ಮುಗಿಯುವುದೆಂದು ಹೇಳಿದ ಶಿಕ್ಷಣವು ಇಪ್ಪತ್ತಾರು ತಿಂಗಳು ಕಳೆದರೂ ಮುಗಿದಿಲ್ಲ. ಹುಡುಗನ ಲಾಗ್ ಪುಸ್ತಕದಲ್ಲಿ ೭೧ ಗಂಟೆಗಳ ಹಾರಾಟ ಮಾತ್ರ ದಾಖಲಾಗಿರುವುದು. “ಸ್ವಾಮೀ, ಅಂಗಡಿಯವನು ತೂಕದಲ್ಲಿ ಮೋಸಮಾಡಿದರೆ ಯಾರಿಗೆ ಹೇಳಬೇಕೆಂಬುದು ನನಗೆ ಗೊತ್ತು. ಇದನ್ನು ಯಾರಿಗೆ ಹೇಳಲಿ?” ಎಂದು ಆ ವೃದ್ಧರು ಕೇಳಿದರು. ನಾವು ಕೂಡಲೇ ಉತ್ತರ ಹೇಳಲಾರದೆ ಹೋದೆವು. ಕಟ್ಟನ್ನು ಬಿಚ್ಚಿ ನೋಡಿ, ಕಾನೂನು ಬಲ್ಲವರನ್ನು ವಿಚಾರಿಸಿದ ಮೇಲೆ ನಮಗೆ ತಿಳಿದುಬಂದುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಇಂತಹ ಕಟ್ಟುಗಳು ಇನ್ನೂ ಅನೇಕ ಮನೆಗಳಲ್ಲಿರುವುವೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಮೊದಲು ವಿದ್ಯೆಯ ಸ್ವರೂಪವನ್ನು ತಿಳಿಯುವುದು ಅವಶ್ಯ. ವಾಣಿಜ್ಯ ಪೈಲಟ್ ಲೈಸೆನ್ಸನ್ನು ಬಯಸುವವನು ಭೌತಶಾಸ್ತ್ರ ಗಣಿತಗಳೊಡನೆ ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು, ಹದಿನೆಂಟು ವರ್ಷ ತುಂಬಿರಬೇಕು, ವೈದ್ಯಪರೀಕ್ಷೆಯಲ್ಲಿ ಗೆಲ್ಲಬೇಕು, ಬರಹದ ಪರೀಕ್ಷೆಗಳನ್ನು ಮುಗಿಸಬೇಕು. ಇವೆಲ್ಲವುಗಳ ಮೇಲೆ, ಅರ್ಜಿಯ ಹಿಂದಿನ ಐದು ವರ್ಷಗಳೊಳಗೆ ಕನಿಷ್ಠ ೨೦೦ ಗಂಟೆಗಳ ಹಾರಾಟವನ್ನು ಪೂರೈಸಿರಬೇಕು. ಆ ಇನ್ನೂರರಲ್ಲಿ ನೂರು ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಇಪ್ಪತ್ತು ಗಂಟೆ ಊರಿಂದೂರಿಗೆ ಹಾರಿರಬೇಕು. ಅದರಲ್ಲಿ ಒಂದು ಪಯಣವು ೩೦೦ ನಾವಿಕ ಮೈಲಿಗೆ ಕಡಿಮೆಯಿರಕೂಡದು. ಹತ್ತು ಗಂಟೆ ಉಪಕರಣಗಳನ್ನೇ ನಂಬಿ ನಡೆಯಿಸಿದ ಅನುಭವವಿರಬೇಕು. ಐದು ಗಂಟೆ ಇರುಳಿನಲ್ಲಿ ಹಾರಿರಬೇಕು. ಒಡೆಯನಾಗಿ ಹಾರಿದ ಗಂಟೆಗಳಲ್ಲಿ ಹದಿನೈದು ಅರ್ಜಿಗೆ ಹಿಂದಿನ ಆರು ತಿಂಗಳೊಳಗೆ ನಡೆದಿರಬೇಕೆಂಬ ನಿಯಮವೂ ಇರುವುದು.

ಈ ನಿಯಮಗಳನ್ನು ಇಲ್ಲಿ ಬಿಡಿಸಿ ಹೇಳಿದುದಕ್ಕೆ ಕಾರಣವಿದೆ. ಬೇರೆ ವಿದ್ಯೆಗಳಲ್ಲಿ ಗುರುವು ಏನು ಕೊಟ್ಟನು, ಶಿಷ್ಯನು ಏನು ಕೊಂಡನು ಎಂಬುದನ್ನು ಅಳೆಯುವುದು ಕಷ್ಟ. ಕಾವ್ಯವನ್ನು ಕಲಿಸುವೆನೆಂದವನು ಕಲಿಸಿದನೋ ಇಲ್ಲವೋ ಎಂಬುದಕ್ಕೆ ತಕ್ಕಡಿಯಿಲ್ಲ. ಹಾರಾಟದ ವಿದ್ಯೆಗೆ ತಕ್ಕಡಿಯುಂಟು. ಅದರ ಹೆಸರು ಗಂಟೆ. ಒಂದೊಂದು ಗಂಟೆಯೂ, ಗಂಟೆಯ ಒಂದೊಂದು ಭಾಗವೂ ವಿಮಾನದ ಪುಸ್ತಕದಲ್ಲಿಯೂ ವಿದ್ಯಾರ್ಥಿಯ ಪುಸ್ತಕದಲ್ಲಿಯೂ ಬರೆಯಲ್ಪಡುವುದು. ಮುಖ್ಯಾಧ್ಯಾಪಕರ ಮಗನ ಲೆಕ್ಕವನ್ನೇ ನೋಡೋಣ. ೪೫ ಲಕ್ಷವನ್ನು ೨೦೦ ಗಂಟೆಗಳಿಗೆ ಹಂಚಿದರೆ ಗಂಟೆಗೆ ೨೨,೫೦೦ ರೂಪಾಯಿ. ೭೧ ಗಂಟೆಗಳ ಬೆಲೆ ಸ್ಥೂಲವಾಗಿ ೧೬ ಲಕ್ಷ. ನೆಲದ ಮೇಲಿನ ಪಾಠ, ವಸತಿ ಮುಂತಾದುವುಗಳಿಗೆ ಧಾರಾಳವಾಗಿ ಕಳೆದರೂ ಹದಿನೈದು ಇಪ್ಪತ್ತು ಲಕ್ಷಗಳಷ್ಟು ಹಣಕ್ಕೆ ಪ್ರತಿಯಾಗಿ ಆ ಹುಡುಗನಿಗೆ ಏನೂ ದೊರೆತಿಲ್ಲ. ಇದು ಮೂರನೆಯ ತರಗತಿಯ ಬಾಲಕನೂ ಮಾಡಬಹುದಾದ ಲೆಕ್ಕ.

ಶಾಲೆಯವರ ಪಕ್ಷವನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಸಣ್ಣ ವಿಮಾನಗಳು ಹಾರಲಾರವು. ಉತ್ತರದಲ್ಲಿ ಚಳಿಗಾಲದ ಮಂಜು ವಾರಗಟ್ಟಲೆ ಕವಿದಿರುವುದು. ಬೋಧಕರು ನಾಲ್ಕು ದಿನ ಅನುಭವ ಪಡೆದು ದೊಡ್ಡ ಸಂಬಳದ ಕಂಪನಿಗಳಿಗೆ ಹೊರಟುಹೋಗುವರು. ಯಂತ್ರದ ಬಿಡಿಭಾಗಗಳು ಪರದೇಶದಿಂದ ಬರಬೇಕು. ಇಂಧನದ ಬೆಲೆಯು ಏರುವುದು. ವಿದ್ಯಾರ್ಥಿಗಳಲ್ಲಿಯೂ ಎಲ್ಲರ ಕೈಯೂ ಒಂದೇ ಸಮನಲ್ಲ. ಕೆಲವರಿಗೆ ಹೆಚ್ಚು ಪಾಠ ಬೇಕಾಗುವುದು. ಇವೆಲ್ಲ ನಿಜ. ಆದರೆ ಮಳೆಗಾಲವು ಪ್ರತಿವರ್ಷವೂ ಬರುವುದೆಂಬುದು ಶುಲ್ಕ ವಸೂಲುಮಾಡುವ ದಿನ ಶಾಲೆಯವರಿಗೆ ತಿಳಿದಿರಲಿಲ್ಲವೇ? ಹಾರಬಲ್ಲ ವಿಮಾನಗಳು ನಾಲ್ಕೇ ಇರುವಾಗ ನೂರು ಮಂದಿಯನ್ನು ಸೇರಿಸಿಕೊಂಡರೆ, ಆ ತಪ್ಪು ಮೋಡದ್ದೋ ಮಾಲಿಕರದ್ದೋ? ಪ್ರಕೃತಿಯ ದೋಷಕ್ಕೆ ಯಾರೂ ಪರಿಹಾರ ಕೇಳುತ್ತಿಲ್ಲ. ಕೊಡಲಾರದುದನ್ನು ಕೊಡುವೆನೆಂದು ಹೇಳಿ ಮುಂಗಡ ಹಣ ಪಡೆದುದಕ್ಕೆ ಕೇಳುತ್ತಿರುವರು.

ಒಳ್ಳೆಯ ಶಾಲೆಗಳು ಇಲ್ಲವೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕವಾಗಿ ಕಲಿಸುವ ಸಂಸ್ಥೆಗಳಿಗೆ ಈ ಅವ್ಯವಸ್ಥೆಯಿಂದ ಆಗುವ ಹಾನಿಯೇ ದೊಡ್ಡದು. ಏಕೆಂದರೆ ಸುಳ್ಳು ಜಾಹೀರಾತಿನ ಶಾಲೆಯೊಡನೆ ಸ್ಪರ್ಧಿಸುವಾಗ ನಿಜ ಹೇಳುವವನೇ ಸೋಲುವನು. ಸರಕಾರಿ ಶಾಲೆಗಳು ಈ ದೋಷಕ್ಕೆ ಹೊರತೆಂದೂ ತಿಳಿಯಲಾಗದು. ನಮ್ಮ ಜಕ್ಕೂರಿನ ಶಾಲೆಯೇ ಹಾರಾಟ ನಿಂತು, ವಿದ್ಯಾರ್ಥಿಗಳು ಆಕಾಶವನ್ನು ನೋಡುತ್ತ ಕುಳಿತ ಕಾಲಗಳನ್ನು ಕಂಡಿದೆ.

ಇನ್ನು ಒಪ್ಪಂದದ ಪತ್ರ. ಮುಖ್ಯಾಧ್ಯಾಪಕರ ಕಟ್ಟಿನಲ್ಲಿದ್ದ ಪತ್ರವನ್ನು ನಾವು ಓದಿದೆವು. ತುಂಬಿದ ಹಣವನ್ನು ಯಾವ ಕಾರಣದಿಂದಲೂ ಹಿಂದಿರುಗಿಸಲಾಗದು. ಶಿಕ್ಷಣದ ಅವಧಿಯು ಅಂದಾಜು ಮಾತ್ರ. ಶುಲ್ಕವನ್ನು ಏರಿಸುವ ಅಧಿಕಾರವು ಶಾಲೆಗೆ ಸೇರಿದುದು. ವ್ಯಾಜ್ಯ ಬಂದರೆ ಶಾಲೆಯವರೇ ನೇಮಿಸುವ ಪಂಚರ ಮುಂದೆ, ಶಾಲೆಯಿರುವ ಊರಿನಲ್ಲಿಯೇ ವಿಚಾರಣೆ. ವಿದ್ಯಾರ್ಥಿಯ ಕರ್ತವ್ಯಗಳು ಇಪ್ಪತ್ತಮೂರು. ಶಾಲೆಯ ಕರ್ತವ್ಯಗಳನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಹತ್ತೊಂಬತ್ತು ವರ್ಷದ ಹುಡುಗನೂ ಮಗನ ಭವಿಷ್ಯವನ್ನೇ ನೆನೆಯುತ್ತಿದ್ದ ತಂದೆಯೂ ಇದಕ್ಕೆ ರುಜು ಹಾಕಿದರು. ಹಾಕದಿದ್ದರೆ ಪ್ರವೇಶವಿಲ್ಲ.

ಹಾಗಾದರೆ ನ್ಯಾಯದ ಬಾಗಿಲು ಎಲ್ಲಿರುವುದು? ಎಲ್ಲರಿಗೂ ಮೊದಲು ನೆನಪಾಗುವುದು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ. ಶಾಲೆಗೆ ಮಂಜೂರಾತಿ ಕೊಡುವವರು ಅವರೇ. ಲೈಸೆನ್ಸು ಕೊಡುವವರೂ ಅವರೇ. ೧೯೩೪ರ ಹಳೆಯ ವಿಮಾನ ಕಾಯಿದೆಯ ಸ್ಥಾನದಲ್ಲಿ ೨೦೨೫ರ ಜನವರಿ ೧ರಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಗೆ ಬಂದಿರುವುದು. ಆದರೆ ಮಹಾನಿರ್ದೇಶನಾಲಯದ ಕಣ್ಣು ಮುಖ್ಯವಾಗಿ ಸುರಕ್ಷತೆಯ ಮೇಲೆ. ವಿಮಾನದ ರೆಕ್ಕೆ ಗಟ್ಟಿಯಾಗಿದೆಯೇ, ಬೋಧಕನಿಗೆ ಅರ್ಹತೆಯಿದೆಯೇ ಎಂಬುದನ್ನು ಅದು ನೋಡುವುದು, ನೋಡಬೇಕಾದುದೇ ಸರಿ. ವಿದ್ಯಾರ್ಥಿಯ ಹಣ ಏನಾಯಿತೆಂಬುದು ಅದರ ಪುಸ್ತಕದಲ್ಲಿ ದೊಡ್ಡ ಪ್ರಕರಣವಲ್ಲ. ೨೦೨೫ರ ಅಕ್ಟೋಬರಿನಲ್ಲಿ ಮಹಾನಿರ್ದೇಶನಾಲಯವು ಮೊದಲ ಬಾರಿಗೆ ವೈಮಾನಿಕ ಶಾಲೆಗಳ ದರ್ಜೆಗಳನ್ನು ಪ್ರಕಟಿಸಿತು. ಮೇಲಿನ ಎರಡು ದರ್ಜೆಗಳಿಗೆ ದೇಶದ ಒಂದು ಶಾಲೆಯೂ ಏರಲಿಲ್ಲ. ೧೩ ಶಾಲೆಗಳು ‘ಬಿ’ ದರ್ಜೆಯಲ್ಲಿಯೂ ೨೨ ಶಾಲೆಗಳು ಕೊನೆಯದಾದ ‘ಸಿ’ ದರ್ಜೆಯಲ್ಲಿಯೂ ನಿಂತವು. ಪ್ರಕಟಿಸಿದ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಆ ದರ್ಜೆಯ ನೂರು ಅಂಕಗಳಲ್ಲಿ ವಿದ್ಯಾರ್ಥಿಗಳಿಗೆ ಶಾಲೆಯು ಕೊಡುವ ನೆರವಿಗೆ ಮೀಸಲಾದುವು ಹತ್ತು. ನೂರಕ್ಕೆ ನೂರು ಹಣ ಕೊಡುವವನ ಪಾಲಿಗೆ ನೂರಕ್ಕೆ ಹತ್ತು ಅಂಕ!

ಶಾಲೆಯನ್ನು ಶಿಕ್ಷಿಸಿದಾಗಲೂ ಪೆಟ್ಟು ಬೀಳುವುದು ವಿದ್ಯಾರ್ಥಿಗೇ. ೨೦೨೩ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯ ಬಳಿ ಒಂದೇ ಸಂಸ್ಥೆಯ ಎರಡು ಶಿಕ್ಷಣ ವಿಮಾನಗಳು ನಾಲ್ಕು ದಿನಗಳೊಳಗೆ ನೆಲಕ್ಕೆ ಬಿದ್ದುವು. ಮಹಾನಿರ್ದೇಶನಾಲಯವು ಆ ಸಂಸ್ಥೆಯ ತರಬೇತಿಯನ್ನು ತಡೆಹಿಡಿಯಿತು. ಅದು ಮಾಡಬೇಕಾದ ಕೆಲಸವೇ. ಆದರೆ ಇಂತಹ ತಡೆ ಬಿದ್ದ ದಿನದಿಂದ ವಿದ್ಯಾರ್ಥಿಯ ಗತಿಯೇನು? ಅವನ ಹಣವು ಶಾಲೆಯ ಪೆಟ್ಟಿಗೆಯಲ್ಲಿ, ಅವನ ವಿಮಾನವು ಕೊಟ್ಟಿಗೆಯಲ್ಲಿ, ಅವನ ಸಾಲದ ಬಡ್ಡಿಯು ಮಾತ್ರ ರಜೆಯಿಲ್ಲದೆ ದುಡಿಯುತ್ತಿರುವುದು.

ಎರಡನೆಯ ಬಾಗಿಲು ಗ್ರಾಹಕರ ನ್ಯಾಯಾಲಯದ್ದು. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೯ರ ಕಾಯಿದೆಯು ೨೦೨೦ರ ಜುಲೈ ೨೦ರಿಂದ ಜಾರಿಯಲ್ಲಿರುವುದು. ಓದಿದರೆ ಇದು ಬಡವನ ಬಂಧುವೆನ್ನಿಸುವುದು. ದೂರುಗಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಶಾಲೆಯಿರುವ ದೂರದ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಹಣವು ೫೦ ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ; ಅದಕ್ಕೆ ಮೇಲೆ ಎರಡು ಕೋಟಿಯವರೆಗೆ ರಾಜ್ಯ ಆಯೋಗ; ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ನಮ್ಮ ಮುಖ್ಯಾಧ್ಯಾಪಕರ ೩೮ ಲಕ್ಷದ ದೂರಿಗೆ ತುಂಬಬೇಕಾದ ಶುಲ್ಕವು ಒಂದು ಸಾವಿರ ರೂಪಾಯಿ ಮಾತ್ರ. ವಕೀಲರಿಲ್ಲದೆಯೂ ವಾದಿಸಬಹುದು. ಒಪ್ಪಂದದಲ್ಲಿ ಪಂಚಾಯಿತಿಯ ಕರಾರಿದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸ್ಥಿರಪಡಿಸಿತು. ಏಕಪಕ್ಷೀಯವಾದ ಒಪ್ಪಂದವನ್ನು ‘ಅನ್ಯಾಯದ ಕರಾರು’ ಎಂದು ಪ್ರಶ್ನಿಸುವ ಹಕ್ಕನ್ನು ಹೊಸ ಕಾಯಿದೆಯು ಕೊಟ್ಟಿದೆ. ಆ ಪ್ರಶ್ನೆಯನ್ನು ಮಾತ್ರ ಜಿಲ್ಲೆಯಲ್ಲಿ ಎತ್ತಲಾಗದು, ರಾಜ್ಯ ಆಯೋಗಕ್ಕೆ ಒಯ್ಯಬೇಕು. ಸುಳ್ಳು ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷದವರೆಗೂ ಮತ್ತೆ ತಪ್ಪಿದರೆ ಐವತ್ತು ಲಕ್ಷದವರೆಗೂ ದಂಡ ವಿಧಿಸುವ ಕೇಂದ್ರ ಪ್ರಾಧಿಕಾರವೂ ಇರುವುದು.

ಇಷ್ಟೆಲ್ಲ ಇದ್ದ ಮೇಲೆ ಗೋಳೇಕೆ ಎಂದು ವಾಚಕರು ಕೇಳಬಹುದು. ಗೋಳಿನ ಬೇರು ಇರುವುದು ಒಂದು ಚಿಕ್ಕ ಪ್ರಶ್ನೆಯಲ್ಲಿ: ವಿದ್ಯೆ ಕಲಿಸುವುದು ಕಾಯಿದೆಯ ಅರ್ಥದಲ್ಲಿ ‘ಸೇವೆ’ಯೋ ಅಲ್ಲವೋ? ಇಲ್ಲಿ ನ್ಯಾಯಪೀಠಗಳ ಮಾತು ಒಂದೇ ಆಗಿಲ್ಲ. ಮಾನ್ಯತೆಯಿಲ್ಲದ ಪಾಟ್ನಾದ ಒಂದು ದಂತವೈದ್ಯ ಕಾಲೇಜು ಮಾನ್ಯತೆಯುಂಟೆಂದು ಜಾಹೀರುಮಾಡಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ವಿದ್ಯಾರ್ಥಿಗಳ ಪಕ್ಷವನ್ನು ಎತ್ತಿಹಿಡಿದು, ಹಣ ಪಡೆದು ಕಲಿಸುವುದು ಸೇವೆಯೇ ಎಂಬ ನಿಲುವನ್ನು ತಾಳಿತು. ಅದೇ ವರ್ಷ ಬಿಹಾರದ ಪರೀಕ್ಷಾ ಮಂಡಳಿಯ ಮೊಕದ್ದಮೆಯಲ್ಲಿ ಪರೀಕ್ಷೆ ನಡೆಯಿಸುವ ಮಂಡಳಿಯು ಸೇವೆ ಮಾರುವುದಿಲ್ಲವೆಂದಿತು. ೨೦೧೨ರಲ್ಲಿ ವಿದ್ಯೆಯು ಸರಕಲ್ಲ, ವಿದ್ಯಾಸಂಸ್ಥೆಗಳು ಸೇವೆ ಒದಗಿಸುವವರಲ್ಲವೆಂಬ ಮಾತು ಬಂತು. ೨೦೨೦ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠವು, ವೃತ್ತಿಶಿಕ್ಷಣವೂ ಸೇರಿದಂತೆ ವಿದ್ಯಾಸಂಸ್ಥೆಗಳು ಕಾಯಿದೆಗೆ ಹೊರಗು, ಕೋಚಿಂಗ್ ಸಂಸ್ಥೆಗಳು ಮಾತ್ರ ಒಳಗು ಎಂದು ತೀರ್ಪಿತ್ತಿತು. ಆ ತೀರ್ಪಿನ ಮೇಲಿನ ಮನವಿಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಚಾರಣೆಗೆ ಅಂಗೀಕರಿಸಿತು. ಈ ಭಿನ್ನ ತೀರ್ಪುಗಳ ನಡುವೆ ವೈಮಾನಿಕ ಶಾಲೆಯ ವಿದ್ಯಾರ್ಥಿಯು ಅತ್ತ ದರಿ ಇತ್ತ ಪುಲಿಯೆಂಬಂತೆ ನಿಂತಿರುವನು. ದೂರು ಕೊಟ್ಟೊಡನೆ ಶಾಲೆಯ ವಕೀಲರು ಎದ್ದು, “ನಮ್ಮದು ವಿದ್ಯಾಮಂದಿರ, ಅಂಗಡಿಯಲ್ಲ” ಎಂದು ವಾದಿಸಲು ಅವಕಾಶವಾಗಿದೆ. ಶುಲ್ಕ ಪಡೆಯುವಾಗ ಅಂಗಡಿ. ಲೆಕ್ಕ ಕೇಳಿದಾಗ ಮಂದಿರ!

ಈ ವಾದವನ್ನು ನಾವು ಒಪ್ಪಲಾರೆವು. ವಿಶ್ವವಿದ್ಯಾಲಯವು ಕಲಿಸುವುದಲ್ಲದೆ ಪರೀಕ್ಷೆ ಮಾಡಿ ಪದವಿಯನ್ನೂ ಕೊಡುವುದು. ವೈಮಾನಿಕ ಶಾಲೆಯು ಪದವಿಯನ್ನು ಕೊಡುವುದಿಲ್ಲ. ಲೈಸೆನ್ಸಿನ ಬರಹದ ಪರೀಕ್ಷೆ ಮಹಾನಿರ್ದೇಶನಾಲಯದ್ದು. ಲೈಸೆನ್ಸು ಕೊಡುವ ಅಧಿಕಾರವೂ ಅದರದ್ದೇ. ಶಾಲೆಯು ವಿಮಾನವನ್ನೂ ಬೋಧಕನನ್ನೂ ಒದಗಿಸಿ, ಗೊತ್ತಾದ ಗಂಟೆಗಳ ಹಾರಾಟವನ್ನು ಗೊತ್ತಾದ ಬೆಲೆಗೆ ಕೊಡುವುದು. ಮೋಟಾರು ನಡೆಯಿಸಲು ಕಲಿಸುವ ಶಾಲೆಗೂ ಇದಕ್ಕೂ ತತ್ತ್ವದಲ್ಲಿ ಭೇದವೇನು? ಒಂದು ರಸ್ತೆಯ ಮೇಲೆ, ಇನ್ನೊಂದು ಆಕಾಶದಲ್ಲಿ. ಪರರು ನಡೆಯಿಸುವ ಪರೀಕ್ಷೆಗೆ ಅಣಿಗೊಳಿಸುವ ಸಂಸ್ಥೆಯು ಕೋಚಿಂಗ್ ಸಂಸ್ಥೆಯ ಜಾತಿಗೆ ಸೇರುವುದೆಂಬುದೇ ನ್ಯಾಯವಾದ ಅರ್ಥ. ಇನ್ನೊಂದು ಮಾತು. ೨೦೨೪ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು, ಮಂಜೂರಾದ ವೈಮಾನಿಕ ಶಾಲೆಗಳ ಮಂಜೂರಾದ ಶಿಕ್ಷಣಕ್ಕೆ ತೆರಿಗೆಯ ವಿನಾಯಿತಿ ಇರುವುದೆಂದು ಸ್ಪಷ್ಟಪಡಿಸಿತು. ವಿದ್ಯಾರ್ಥಿಯ ಹೊರೆ ಇಳಿಯುವುದಾದರೆ ಅದು ಸ್ವಾಗತಾರ್ಹ. ಆದರೆ ವಿದ್ಯಾಸಂಸ್ಥೆಯ ಗೌರವದಿಂದ ಬರುವ ವಿನಾಯಿತಿಯನ್ನು ಪಡೆಯುವವರು ವಿದ್ಯಾಸಂಸ್ಥೆಯ ಧರ್ಮವನ್ನೂ ಪಾಲಿಸಬೇಕಷ್ಟೆ. ಲಾಭಕ್ಕೆ ಒಂದು ವೇಷ, ಹೊಣೆಗೆ ಇನ್ನೊಂದು ವೇಷ ಸಲ್ಲದು.

ಈ ರೋಗವು ನಮ್ಮ ದೇಶಕ್ಕೇ ಸೀಮಿತವಾದುದಲ್ಲ. ೨೦೨೩ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿಯೂ ಇಂಗ್ಲೆಂಡಿನ ಶೋರಹ್ಯಾಮಿನಲ್ಲಿಯೂ ಎರಡು ಹೆಸರಾಂತ ವೈಮಾನಿಕ ಶಾಲೆಗಳು ಬಾಗಿಲು ಮುಚ್ಚಿ, ಮುಂಗಡ ಕೊಟ್ಟಿದ್ದ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಆದರೆ ಅಲ್ಲಿ ಒಂದು ಆಸರೆಯುಂಟು. ೧೯೭೪ರ ಸಾಲದ ಕಾಯಿದೆಯಂತೆ, ಕ್ರೆಡಿಟ್ ಕಾರ್ಡಿನಿಂದ ಕೊಂಡ ಸರಕಿಗೋ ಸೇವೆಗೋ ಬೆಲೆಯು ೧೦೦ರಿಂದ ೩೦,೦೦೦ ಪೌಂಡುಗಳೊಳಗಿದ್ದರೆ, ಮಾರಿದವನು ತಪ್ಪಿದಾಗ ಕಾರ್ಡಿನ ಕಂಪನಿಯೂ ಹೊಣೆಯಾಗುವುದು. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಖಾಸಗಿ ವೃತ್ತಿಶಾಲೆಗಳು ಮುಚ್ಚಿದಾಗ ವಿದ್ಯಾರ್ಥಿಗಳ ನಷ್ಟವನ್ನು ತುಂಬಿಕೊಡಲು ಒಂದು ನಿಧಿಯೇ ಇರುವುದು. ನಮ್ಮಲ್ಲಿ ಸಾಲ ಕೊಟ್ಟ ಬ್ಯಾಂಕು ಶಾಲೆಯ ಹೆಸರಿಗೆ ಹಣ ಕಳುಹಿಸಿ ಕೈತೊಳೆದುಕೊಳ್ಳುವುದು. ಹಾರಾಟ ನಡೆಯಲಿ ಬಿಡಲಿ, ಕಂತಿನ ನೋಟೀಸು ತಂದೆಯ ಮನೆಗೆ ಬರುವುದು.

ನಮ್ಮ ರಾಜ್ಯಕ್ಕೂ ಈ ಪ್ರಶ್ನೆಯು ದೂರದ್ದಲ್ಲ. ೨೦೨೧ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ವೈಮಾನಿಕ ಶಾಲೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ನಮ್ಮವು. ಶಾಲೆಗಳಿಗೆ ಉತ್ತೇಜನ ಕೊಡಲು ನಿಲ್ದಾಣದ ರಾಜಧನವನ್ನು ಸಹ ಸರಕಾರವು ಮನ್ನಾ ಮಾಡಿತು. ಸಾರ್ವಜನಿಕರ ನೆಲ, ಸಾರ್ವಜನಿಕರ ರನ್‌ವೇ, ಸಾರ್ವಜನಿಕರ ರಿಯಾಯಿತಿ. ಹೀಗಿರುವಾಗ ಸಾರ್ವಜನಿಕರ ಮಕ್ಕಳ ಹಿತಕ್ಕಾಗಿ ನಾಲ್ಕು ಕರಾರುಗಳನ್ನು ವಿಧಿಸುವುದು ಸರಕಾರಕ್ಕೆ ಅಸಾಧ್ಯವೇನು?

ಆ ನಾಲ್ಕು ಯಾವುವೆಂಬುದನ್ನು ನಾವು ವಿನಯಪೂರ್ವಕವಾಗಿಯೂ ಸ್ಪಷ್ಟವಾಗಿಯೂ ಸೂಚಿಸುತ್ತೇವೆ. ಮೊದಲನೆಯದು, ಮುಂಗಡವಾಗಿ ಪಡೆದ ಶುಲ್ಕವು ಬ್ಯಾಂಕಿನಲ್ಲಿ ಬೇರೆಯಾದ ಖಾತೆಯಲ್ಲಿರಬೇಕು. ಹಾರಿದ ಗಂಟೆಗಳ ಲೆಕ್ಕದಂತೆ ಮಾತ್ರ ಶಾಲೆಗೆ ಸೇರಬೇಕು. ಎರಡನೆಯದು, ಪ್ರತಿಯೊಂದು ಶಾಲೆಯೂ ಹಾರಬಲ್ಲ ವಿಮಾನಗಳೆಷ್ಟು, ಬೋಧಕರೆಷ್ಟು, ವಿದ್ಯಾರ್ಥಿಗಳೆಷ್ಟು, ಕಳೆದ ವರ್ಷ ಲೈಸೆನ್ಸು ಪಡೆದವರಿಗೆ ಸರಾಸರಿ ಎಷ್ಟು ತಿಂಗಳು ಹಿಡಿಯಿತು ಎಂಬ ತಃಖ್ತೆಯನ್ನು ತಿಂಗಳು ತಿಂಗಳು ಪ್ರಕಟಿಸಬೇಕು. ಮೂರನೆಯದು, ಮಹಾನಿರ್ದೇಶನಾಲಯದಲ್ಲಿ ವಿದ್ಯಾರ್ಥಿಗಳ ಅಹವಾಲನ್ನು ಕೇಳಿ, ಗೊತ್ತಾದ ದಿನಗಳೊಳಗೆ ಹಣ ಹಿಂದಿರುಗಿಸಲು ಆಜ್ಞಾಪಿಸುವ ಅಧಿಕಾರಿಯನ್ನು ನೇಮಿಸಬೇಕು; ಆಜ್ಞೆಯನ್ನು ಪಾಲಿಸದ ಶಾಲೆಯ ಮಂಜೂರಾತಿಯನ್ನು ಮುಂದುವರಿಸಕೂಡದು. ನಾಲ್ಕನೆಯದು, ಹಣ ಪಡೆದು ಹಾರಾಟ ಕಲಿಸುವುದು ಗ್ರಾಹಕ ಕಾಯಿದೆಯ ಅರ್ಥದಲ್ಲಿ ಸೇವೆಯೇ ಎಂಬ ಒಂದು ವಾಕ್ಯವನ್ನು ಪಾರ್ಲಿಮೆಂಟು ಕಾಯಿದೆಯಲ್ಲಿ ಸೇರಿಸಬೇಕು. ಆ ಒಂದು ವಾಕ್ಯವು ಹತ್ತು ವರ್ಷಗಳ ವಾದವನ್ನು ಮುಗಿಸುವುದು.

ಸರಕಾರದವರು ಏಳುವವರೆಗೆ ತಂದೆತಾಯಿಗಳು ಸುಮ್ಮನೆ ಕುಳಿತಿರಬೇಕೆಂದು ನಾವು ಹೇಳುವುದಿಲ್ಲ. ಶಾಲೆಯ ಬಣ್ಣದ ಪತ್ರಿಕೆಯನ್ನು ನೋಡಿ ಮರುಳಾಗದೆ, ವಿಮಾನಗಳ ಕೊಟ್ಟಿಗೆಗೆ ಹೋಗಿ, ನಿಂತಿರುವುವೆಷ್ಟು ಹಾರುವುವೆಷ್ಟು ಎಂದು ಎಣಿಸಿರಿ. ಹಳೆಯ ವಿದ್ಯಾರ್ಥಿಗಳನ್ನು ಶಾಲೆಯವರ ಪರೋಕ್ಷದಲ್ಲಿ ಮಾತಾಡಿಸಿರಿ. ಪೂರ್ತಿ ಹಣವನ್ನು ಒಮ್ಮೆಗೇ ಎಂದೂ ಕೊಡಬೇಡಿರಿ. ಇಂತಿಷ್ಟು ಗಂಟೆಗೆ ಇಂತಿಷ್ಟು ಕಂತೆಂದು ಬರೆಯಿಸಿಕೊಳ್ಳಿರಿ. ನಗದು ಬೇಡ, ರಸೀದಿಯಿಲ್ಲದ ಒಂದು ರೂಪಾಯಿಯೂ ಬೇಡ. ವಿದ್ಯಾರ್ಥಿಯು ಹಾರಿದ ದಿನಗಳನ್ನಲ್ಲದೆ, ಹಾರಲು ಹೋಗಿ ಹಾರದೆ ಬಂದ ದಿನಗಳನ್ನೂ ಕಾರಣದೊಡನೆ ಬರೆದಿಡಲಿ. ಮುಂದೆ ಅದೇ ಸಾಕ್ಷಿ. ಬಾಯಿಮಾತಿನ ದೂರು ಗಾಳಿಯ ಪಾಲು. ಬರಹದಲ್ಲಿ ಕೇಳಿರಿ, ಬರಹದಲ್ಲಿಯೇ ಉತ್ತರ ಪಡೆಯಿರಿ. ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಯ ಸಂಖ್ಯೆ ೧೯೧೫. ಅಲ್ಲಿ ಹೇಳಿಕೊಳ್ಳುವುದಕ್ಕೆ ಖರ್ಚಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕಾಲದ ಎಚ್ಚರ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಬೇಕು. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸಬಹುದಾದರೂ ಅದು ಆಯೋಗದ ಕೃಪೆ, ದೂರುಗಾರನ ಹಕ್ಕಲ್ಲ. “ಮುಂದಿನ ತಿಂಗಳು ಹೊಸ ವಿಮಾನ ಬರುತ್ತದೆ” ಎಂಬ ಸವಿಮಾತನ್ನು ಶಾಲೆಯವರು ಇಪ್ಪತ್ತನಾಲ್ಕು ಸಲ ಆಡಿದರೆ ಎರಡು ವರ್ಷ ಕಳೆಯಿತು. ಸವಿಮಾತು ಎಷ್ಟು ಬೆಲೆಬಾಳುವುದೆಂಬುದು ಆಗ ತಿಳಿಯುವುದು.

ವಿದ್ಯಾರ್ಥಿಗಳು ದೂರು ಕೊಡಲು ಹಿಂಜರಿಯುವುದೇಕೆಂಬುದನ್ನೂ ಅಧಿಕಾರಿಗಳು ಅರಿಯಬೇಕು. ಲಾಗ್ ಪುಸ್ತಕಕ್ಕೆ ರುಜು ಹಾಕುವವನು ಬೋಧಕ. ನಾಳೆಯ ಹಾರಾಟದ ಪಟ್ಟಿಯಲ್ಲಿ ಹೆಸರು ಬರೆಯುವವನು ಶಾಲೆಯ ಅಧಿಕಾರಿ. ಬಾಯಿ ತೆರೆದವನ ಹೆಸರು ಪಟ್ಟಿಯಿಂದ ಕಾಣೆಯಾಗುವುದೆಂಬ ಭಯ ಅವರಿಗೆ. ಈ ಭಯವು ಹಣದ ಪ್ರಶ್ನೆಯನ್ನು ಪ್ರಾಣದ ಪ್ರಶ್ನೆಯನ್ನಾಗಿ ಮಾಡುವುದು. ಹಣ ಹೋಯಿತೆಂದು ಹೇಳಲಾರದ ವಿದ್ಯಾರ್ಥಿಯು ಎಂಜಿನಿನ ಸದ್ದು ಸರಿಯಿಲ್ಲವೆಂದು ಹೇಳುವನೇ? ಸಾಲದ ಬಡ್ಡಿಯಿಂದ ಬೆಂದು ಹೇಗಾದರೂ ಗಂಟೆ ತುಂಬಿದರೆ ಸಾಕೆಂಬ ಸ್ಥಿತಿಗೆ ಬಂದವನಿಗೆ, ಹಾರದ ಗಂಟೆಯನ್ನು ಹಾರಿದಂತೆ ಬರೆದುಕೊಡುವೆನೆಂದು ಯಾರಾದರೂ ಆಸೆ ತೋರಿಸಿದರೆ ಅವನು ಒಪ್ಪದಿರುವನೇ? ೨೦೧೧ರಲ್ಲಿ ಸುಳ್ಳು ಅಂಕಪಟ್ಟಿಗಳ, ಸುಳ್ಳು ಹಾರಾಟದ ಗಂಟೆಗಳ ಪ್ರಕರಣಗಳು ಬೆಳಕಿಗೆ ಬಂದು ದೇಶವೇ ಬೆಚ್ಚಿಬಿದ್ದುದನ್ನು ಮರೆಯಲಾಗದು. ಇಂದು ನ್ಯಾಯ ಸಿಗದ ವಿದ್ಯಾರ್ಥಿಯು ನಾಳೆ ನೂರೈವತ್ತು ಪ್ರಯಾಣಿಕರನ್ನು ಹೊತ್ತ ವಿಮಾನದ ಮುಂದಿನ ಪೀಠದಲ್ಲಿ ಕುಳಿತುಕೊಳ್ಳುವನು. ಅವನು ನಿಜವಾಗಿ ಇನ್ನೂರು ಗಂಟೆ ಹಾರಿರುವನೆಂಬ ಭರವಸೆಯು ಅವನಿಗಿಂತಲೂ ಹೆಚ್ಚಾಗಿ ನಮಗೆ ಬೇಕಾಗಿರುವುದು.

ಮುಖ್ಯಾಧ್ಯಾಪಕರಿಗೆ ನಾವು ಕೊನೆಗೆ ಹೇಳಿದುದಿಷ್ಟೆ: ಧಾರವಾಡದ ಜಿಲ್ಲಾ ಆಯೋಗದಲ್ಲಿ ಮಗನ ಹೆಸರಿನಿಂದ ತಡಮಾಡದೆ ದೂರು ಕೊಡಿಸಿರಿ, ಅದರ ಪ್ರತಿಯನ್ನು ಮಹಾನಿರ್ದೇಶನಾಲಯಕ್ಕೂ ಕಳುಹಿಸಿರಿ, ದೂರು ನಿಲ್ಲುವುದೆಂದು ನಂಬಲು ಕಾರಣಗಳುಂಟು, ನಿಶ್ಚಯವೆಂದು ಹೇಳಲು ನಮಗೆ ಧೈರ್ಯ ಸಾಲದು. ಅವರು ಕಟ್ಟನ್ನು ಮತ್ತೆ ದಾರದಿಂದ ಬಿಗಿದುಕೊಂಡು, “ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. ಹೇಳದ ಪಾಠಕ್ಕೆ ಒಂದು ದಿನವೂ ಸಂಬಳ ತೆಗೆದುಕೊಳ್ಳಲಿಲ್ಲ” ಎಂದು ಎದ್ದರು. ಅವರು ನಿಶ್ಚಯವಿಲ್ಲದ ಬಾಗಿಲನ್ನು ತಟ್ಟಲು ಹೋಗಿರುವರು. ಆ ಬಾಗಿಲನ್ನು ನಿಶ್ಚಯವಾಗಿ ತೆರೆದಿಡುವುದು ಸರಕಾರದ ಕೆಲಸ. ಹೊಸ ನಿಲ್ದಾಣಗಳ ಉದ್ಘಾಟನೆಗೆ ಬರುವ ಮಂತ್ರಿಗಳು ಇನ್ನೊಮ್ಮೆ ಬೆಳಗಾವಿಗೋ ಕಲಬುರಗಿಗೋ ಬಂದಾಗ, ರಿಬ್ಬನ್ನು ಕತ್ತರಿಸಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ವಿದ್ಯಾರ್ಥಿಗಳ ಲಾಗ್ ಪುಸ್ತಕಗಳನ್ನು ತರಿಸಿ ನೋಡಲೆಂದು ನಾವು ಬಿನ್ನವಿಸುತ್ತೇವೆ.